ಅಪ್ಪನ ಗರಗಸ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನ ಬಗೆಗೋ ಕುಮಾರವ್ಯಾಸನ ಬಗೆಗೋ ಮಾತನಾಡುವುದು ವಾಡಿಕೆ. ಆ ಯೋಗ್ಯತೆ ನಮಗಿಲ್ಲ. ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದಿದ್ದಾಗ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಒಂದು ಯಂತ್ರವನ್ನು ಕಂಡು, "ಇದರ ವಿಷಯವನ್ನೇ ಹೇಳಿ, ನಮ್ಮ ಜನಕ್ಕೆ ಉಪಯೋಗವಾದೀತು" ಎಂದು ಅಪ್ಪಣೆ ಕೊಡಿಸಿದರು. ಅವರ ಮಾತನ್ನು ಮೀರಲಾರದೆ ಒಂದು ಹಳೆಯ ಗರಗಸದ ಕಥೆಯನ್ನು ತಮ್ಮ ಮುಂದೆ ಇಡುತ್ತಿದ್ದೇವೆ. ಬೇಸರವಾದರೆ ತಪ್ಪು ಕಾರ್ಯದರ್ಶಿಗಳದು.

'ನಾವು' ಎಂದರೆ ಅಣ್ಣತಮ್ಮಂದಿರಿಬ್ಬರು. ನಮ್ಮಲ್ಲಿ ಹಿರಿಯವ, ಎಂದರೆ ಈಗ ತಮ್ಮೆದುರು ಕಾಗದ ಹಿಡಿದು ನಿಂತವ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವ. ಕಿರಿಯವ ಒಂದು ಔಷಧಿ ಕಂಪನಿಯ ಉಗ್ರಾಣದಲ್ಲಿ ಲೆಕ್ಕ ಬರೆಯುವವ. ಇಬ್ಬರ ಕೈಗೂ ಲೇಖನಿಯೇ ಹೊರತು ಉಳಿ ಸುತ್ತಿಗೆ ಬಂದದ್ದಲ್ಲ. ಬಡಗಿಯ ಮಕ್ಕಳಿಗೆ ಮೊಳೆ ಹೊಡೆಯಲು ಬಾರದೆಂದರೆ ನಗುವಿರಿ. ಆದರೆ ಹಾಗಾದದ್ದಕ್ಕೆ ಕಾರಣವಿತ್ತು. ಅದನ್ನೇ ಮೊದಲು ಹೇಳಬೇಕು.

ನಮ್ಮ ತಂದೆಯವರ ಊರು ಕುಮಟೆಯ ಹತ್ತಿರ. ಉತ್ತರ ಕನ್ನಡ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೂ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಆದ್ದರಿಂದ ನಮ್ಮ ಅಜ್ಜನ ಕಾಲದವರಿಗೆ ಮುಂಬಯಿ ಪರರಾಜ್ಯವಲ್ಲ, ತಮ್ಮ ರಾಜಧಾನಿ. ತಂದೆಯವರು ೧೯೭೭ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಉಳಿಗಳ ಒಂದು ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಬಂದರು. ಕೊಂಕಣ ರೈಲ್ವೆ ಪೂರ್ತಿಯಾದದ್ದು ೧೯೯೮ರಲ್ಲಿ. ಅದಕ್ಕೆ ಮುಂಚೆ ಆ ಕರಾವಳಿಯವರಿಗೆ ಘಟ್ಟದ ತಿರುವುಗಳ ರಸ್ತೆಯೇ ಗತಿ. ಹತ್ತೊಂಬತ್ತು ವರ್ಷ ಪೀಠೋಪಕರಣದ ಒಂದು ಕಾರ್ಖಾನೆಯಲ್ಲಿ ದುಡಿದರು. ೧೯೯೬ರಲ್ಲಿ ಅದು ಮುಚ್ಚಿದಾಗ ಬಾಕಿ ಸಂಬಳದ ಬದಲಿಗೆ ಮಾಲೀಕರು ಕೊಟ್ಟದ್ದು ಈ ಗರಗಸ. ಬೀಡುಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಹತ್ತಂಗುಲದ ಚಕ್ರದಂಥ ಅಲಗು ಮೇಲೆ ಬರುತ್ತದೆ. ಕೆಳಗೆ ಒಂದೂವರೆ ಅಶ್ವಶಕ್ತಿಯ ಮೋಟಾರು. ಅದನ್ನು ಲಾರಿಯಲ್ಲಿ ಡೊಂಬಿವಲಿಗೆ ತಂದು, ನಮ್ಮ ನೆಲಮಾಳಿಗೆಯ ಮನೆಯ ಹಿತ್ತಲಲ್ಲಿ ತಗಡಿನ ಮಾಡು ಹಾಕಿ ನಿಲ್ಲಿಸಿದರು. ನಮ್ಮ ಶಾಲೆಯ ಫೀಜು, ಅಕ್ಕನ ಮದುವೆ, ಈ ಮನೆಯ ಸಾಲ, ಎಲ್ಲವೂ ಆ ಅಲಗಿನ ಹಲ್ಲುಗಳಿಂದಲೇ ಉದುರಿ ಬಂದವು.

೨೦೦೭ರ ಬೇಸಿಗೆ. ಆ ವರ್ಷಗಳಲ್ಲಿ ನಮ್ಮ ಕಡೆ ದಿನಕ್ಕೆ ಕೆಲವು ಗಂಟೆ ವಿದ್ಯುತ್ತು ಕಡಿತಗೊಳ್ಳುತ್ತಿದ್ದುದನ್ನು ಇಲ್ಲಿ ಕುಳಿತವರು ಮರೆತಿರಲಾರಿರಿ. ಸಂಜೆ ತಂದೆಯವರು ಒಂದು ಸಾಗುವಾನಿ ಹಲಗೆಯನ್ನು ಉದ್ದಕ್ಕೆ ಸೀಳುತ್ತಿದ್ದರು. ಅರ್ಧ ಸೀಳಿದಾಗ ವಿದ್ಯುತ್ತು ಹೋಯಿತು. ಅಲಗು ನಿಂತಿತು. ಅವರು ಹಲಗೆಯನ್ನು ಹಿಂದಕ್ಕೆಳೆದಿಟ್ಟು, ಮೇಜಿನ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಚಕ್ಕೆಯನ್ನು ಎಡಗೈಯಿಂದ ತೆಗೆಯಲು ಬಾಗಿದರು. ಗೋಡೆಯ ಮೇಲಿನ ಗುಂಡಿ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ಅದೇ ಕ್ಷಣಕ್ಕೆ ವಿದ್ಯುತ್ತು ಬಂತು.

ಎಡಗೈಯ ಎರಡು ಬೆರಳು ಎರಡನೆಯ ಗೆಣ್ಣಿನವರೆಗೆ ಹೋದವು. ನಮ್ಮಲ್ಲಿ ಹಿರಿಯವನಿಗೆ ಆಗ ಹದಿನಾರು, ಕಿರಿಯವನಿಗೆ ಹದಿಮೂರು. ಆಸ್ಪತ್ರೆಯಿಂದ ಮರಳಿದ ಮೇಲೆ ತಂದೆಯವರು ಗರಗಸಕ್ಕೆ ತಾಡಪಾಲು ಹೊದಿಸಿ ಹಗ್ಗ ಬಿಗಿದರು. ಬೇರೊಬ್ಬರ ಕಾರ್ಖಾನೆಯಲ್ಲಿ ಅಳತೆ ಬರೆಯುವ ಮೇಸ್ತ್ರಿಯಾಗಿ ಉಳಿದ ಕಾಲ ಕಳೆದರು. ನಮ್ಮನ್ನು ಮಾತ್ರ ಆ ಮಾಡಿನ ಹತ್ತಿರ ಸೇರಿಸಲಿಲ್ಲ. "ಓದಿಕೊಳ್ಳಿ" ಎಂಬ ಒಂದೇ ಮಾತು. ಓದಿದೆವು.

ಹದಿನೇಳು ವರ್ಷ ಕಳೆದವು. ೨೦೨೪ರ ದೀಪಾವಳಿಯ ಸ್ವಚ್ಛತೆಯ ಸಮಯದಲ್ಲಿ ನಮ್ಮ ಆಯಿ ಗುಜರಿಯವನನ್ನು ಕರೆದಳು. ಆತ ಯಂತ್ರವನ್ನು ಸುತ್ತಿ ನೋಡಿ, ೧೧೮ ಕಿಲೋ ಆದೀತು, ಕಿಲೋಗೆ ೩೨ ರೂಪಾಯಿ ಎಂದ. ಬ್ಯಾಂಕಿನವನ ಬಾಯಿಗೆ ತಾನಾಗಿಯೇ ಲೆಕ್ಕ ಬಂತು: ೩,೭೭೬ ರೂಪಾಯಿ. ತಂದೆಯವರು ಜಗುಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ತಲೆಯೆತ್ತದೆಯೇ, "ಮೇಜಿನ ಮಟ್ಟ ಚೆನ್ನಾಗಿತ್ತು ಅದರದು" ಎಂದರು. ಅಷ್ಟೇ. ಕೊಡಬೇಡಿ ಎನ್ನಲಿಲ್ಲ, ಕೊಡಿ ಎಂದೂ ಅನ್ನಲಿಲ್ಲ. ಆದರೆ ನಮ್ಮಿಬ್ಬರಿಗೂ ಆ ಮಾತು ನಾಟಿತು. ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದೆವು.

ಆಯಿ ಸಿಟ್ಟಾದಳು. ರಾತ್ರಿ ಊಟಕ್ಕೆ ಬಡಿಸುತ್ತ ತನ್ನ ತೀರ್ಪು ಹೇಳಿದಳು: "ಇಟ್ಟುಕೊಳ್ಳುವುದಾದರೆ ಅದು ತಾನಾಗಿ ತಿರುಗದ ಹಾಗೆ ಮಾಡಬೇಕು. ನಾನು ನನ್ನ ಕಣ್ಣಿಂದ ನೋಡಬೇಕು. ಆಗಲಿಲ್ಲವೋ, ಯುಗಾದಿಗೆ ಮುಂಚೆ ಗುಜರಿಗೆ." ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವಾಗ ಹಾಕುವ ಷರತ್ತುಗಳನ್ನು ಬಹಳ ನೋಡಿದ್ದೇವೆ, ಇಷ್ಟು ಸ್ಪಷ್ಟವಾದದ್ದನ್ನು ನೋಡಿರಲಿಲ್ಲ.

ಚಕ್ರಾಕಾರದ ಗರಗಸ ಹೊಸ ವಸ್ತುವಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮುಯೆಲ್ ಮಿಲ್ಲರ್ ಎಂಬಾತ ೧೭೭೭ರಲ್ಲಿ ಪಡೆದ ಪೇಟೆಂಟಿನಲ್ಲಿ ಅದರ ಪ್ರಸ್ತಾಪವಿದೆ. ಅಂದಿನಿಂದ ಇಂದಿನವರೆಗೆ ಮೂಲತತ್ತ್ವ ಒಂದೇ: ಮರ ಚಲಿಸುತ್ತದೆ, ಅಲಗು ನಿಂತಲ್ಲೇ ಸುತ್ತುತ್ತದೆ. ಸುತ್ತುವ ವೇಗವನ್ನು ಮಾತ್ರ ಯಾರೂ ಹಗುರಾಗಿ ತಿಳಿಯಬಾರದು. ನಮ್ಮ ಮೋಟಾರು ನಿಮಿಷಕ್ಕೆ ೧,೪೪೦ ಸುತ್ತಿನದು. ಅದರ ಪುಲ್ಲಿ ಆರಂಗುಲ, ಅಲಗಿನ ದಂಡದ ಪುಲ್ಲಿ ಮೂರಂಗುಲ. ಆದ್ದರಿಂದ ಅಲಗು ತಿರುಗುವುದು ೨,೮೮೦ ಸುತ್ತು. ಹತ್ತಂಗುಲದ ಅಲಗಿನ ಸುತ್ತಳತೆ ಸುಮಾರು ೮೦ ಸೆಂಟಿಮೀಟರು. ಗುಣಿಸಿ ನೋಡಿದರೆ ಹಲ್ಲಿನ ವೇಗ ಸೆಕೆಂಡಿಗೆ ೩೮ ಮೀಟರು, ಗಂಟೆಗೆ ೧೩೮ ಕಿಲೋಮೀಟರಿನಷ್ಟಾಗುತ್ತದೆ. ನಾವು ದಿನವೂ ನೇತಾಡಿಕೊಂಡು ಹೋಗುವ ಫಾಸ್ಟ್ ಲೋಕಲ್ ಕೂಡ ಅಷ್ಟು ಓಡುವುದಿಲ್ಲ.

ಮೊದಲು ಯಂತ್ರವನ್ನು ಬಿಚ್ಚಿದೆವು. ಬಿಚ್ಚುವ ಮುಂಚೆ ಪ್ರತಿಯೊಂದು ಭಾಗದ ಚಿತ್ರ ತೆಗೆದೆವು. ಬೋಲ್ಟು ನಟ್ಟುಗಳನ್ನು, ಚಿಲ್ಲರೆ ನಾಣ್ಯ ಕಟ್ಟುವ ಕ್ರಮದಲ್ಲಿಯೇ, ಒಂದೊಂದು ಚೀಲಕ್ಕೆ ಹಾಕಿ ಮೇಲೆ ಚೀಟಿ ಅಂಟಿಸಿದೆವು. ಗುಮಾಸ್ತರ ಬುದ್ಧಿಯೆಂದು ನಗಬಹುದು. ಜೋಡಿಸುವ ದಿನ ಒಂದು ತಿರುಪೂ ಉಳಿಯಲಿಲ್ಲ, ಒಂದೂ ಸಾಲದೆ ಬರಲಿಲ್ಲ. ಹಿಡಿದುಕೊಂಡಿದ್ದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಎರಡು ರಾತ್ರಿ ಕಾದೆವು. ಬೀಡುಕಬ್ಬಿಣ ಬಲವಾಗಿ ಕಂಡರೂ ಬಳುಕುವ ಜಾತಿಯಲ್ಲ; ಸುತ್ತಿಗೆಯಿಂದ ಜೋರಾಗಿ ಬಡಿದರೆ ಬಿರಿಯುತ್ತದೆ. ಅಲ್ಲಿ ತಾಳ್ಮೆಯೇ ಮುಖ್ಯ ಹತ್ಯಾರು.

ಹಳೆಯ ಬಣ್ಣವನ್ನು ಒಣದಾಗಿ ಉಜ್ಜಲಿಲ್ಲ. ಅಂದಿನ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಿಗೆ ದಶಲಕ್ಷದಲ್ಲಿ ೯೦ ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ಜಾರಿಗೆ ಬಂದದ್ದೇ ೨೦೧೭ರಲ್ಲಿ. ಆ ಧೂಳು ಮಕ್ಕಳಿರುವ ಮನೆಗೆ ಸಲ್ಲದು. ಬಣ್ಣ ಕರಗಿಸುವ ದ್ರವ ಸವರಿ, ತೇವವಿದ್ದಾಗಲೇ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ಬೇರೆಯಾಗಿಟ್ಟೆವು.

ತುಕ್ಕಿಗೆ ಎರಡು ಉಪಾಯ ಮಾಡಿದೆವು. ಮೇಜಿನ ಮೇಲ್ಮೈಗೆ ಸೀಮೆಎಣ್ಣೆ ಹಚ್ಚಿ ನಯವಾದ ಉಜ್ಜುಕಾಗದದಿಂದ ಒಂದೇ ದಿಕ್ಕಿನಲ್ಲಿ ಉಜ್ಜಿದೆವು. ಕೊನೆಗೆ ಮೇಣ ತಿಕ್ಕಿದೆವು. ಚಿಕ್ಕ ಭಾಗಗಳಿಗೆ ವಿದ್ಯುತ್ತಿನ ಸ್ನಾನ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ಲೀಟರಿಗೊಂದು ಚಮಚೆ ಬಟ್ಟೆ ಒಗೆಯುವ ಸೋಡ. ತುಕ್ಕು ಹಿಡಿದ ಭಾಗವನ್ನು ೧೨ ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಗೂ ಒಂದು ರದ್ದಿ ಕಬ್ಬಿಣದ ತುಂಡನ್ನು ಧನ ತಂತಿಗೂ ಕಟ್ಟಿ, ಒಂದಕ್ಕೊಂದು ತಾಗದಂತೆ ಮುಳುಗಿಸಿ ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು ಕರಿಯ ಕೆಸರಾಗಿ ಬಿಟ್ಟುಬರುತ್ತದೆ. ಇದನ್ನು ಬಯಲಲ್ಲೇ ಮಾಡಬೇಕು. ಹೊರಡುವ ಗುಳ್ಳೆ ಜಲಜನಕ, ಕಿಡಿ ಸೋಂಕಿದರೆ ಉರಿಯುವಂಥದು. ಧನದ ಕಡೆಗೆ ಸ್ಟೇನ್‌ಲೆಸ್ ಸ್ಟೀಲಿನ ಚಮಚೆ ಲೋಟಗಳನ್ನು ಕಟ್ಟಕೂಡದು. ಅದರಿಂದ ವಿಷಕಾರಿಯಾದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಕಿರಿಯವ ಆಯಿಯ ಲೋಟಕ್ಕೆ ಕೈ ಹಾಕಿದ್ದ. ರಸಾಯನಶಾಸ್ತ್ರಕ್ಕೆ ಮುಂಚೆ ಆಯಿಯೇ ತಡೆದಳು.

ಇಷ್ಟು ದಿನವೂ ತಂದೆಯವರು ಮಾಡಿನ ಕಡೆ ಬರಲಿಲ್ಲ. ನಾವೂ ಕರೆಯಲಿಲ್ಲ.

ಅಲಗಿನ ದಂಡವನ್ನು ಕೈಯಿಂದ ತಿರುಗಿಸಿದರೆ ಒಳಗೆ ಮರಳು ಅರೆದಂತಾಗುತ್ತಿತ್ತು. ಬೇರಿಂಗುಗಳು ಸತ್ತಿದ್ದವು. ಅವುಗಳ ಮೇಲೆ ೬೨೦೪ ಎಂಬ ಅಂಕಿ ಮಸುಕಾಗಿ ಕಾಣುತ್ತಿತ್ತು. ಎಂದರೆ ಒಳರಂಧ್ರ ೨೦ ಮಿಲಿಮೀಟರು, ಹೊರ ಅಳತೆ ೪೭, ದಪ್ಪ ೧೪. ಈ ಅಂಕಿ ಯಾವ ದೇಶದ ಯಾವ ಕಂಪನಿಯದಾದರೂ ಒಂದೇ ಅಳತೆ. ಚೆಕ್ಕಿನ ಅಂಕಿಯಷ್ಟೇ ಖಚಿತ. ಮುಂಬಯಿಯ ನಾಗದೇವಿ ಬೀದಿಯಲ್ಲಿ ಅಂಕಿ ಹೇಳಿದ ಕೂಡಲೇ ಎರಡೂ ಬದಿ ಮುಚ್ಚಿದ ಹೊಸ ಜೋಡಿ ಸಿಕ್ಕಿತು, ಧೂಳು ಒಳಸೇರದಂಥದು.

ಭಾನುವಾರ ಬೆಳಗ್ಗೆ ಕಿರಿಯವ ಬೇರಿಂಗನ್ನು ದಂಡಕ್ಕೆ ಏರಿಸಲು ಕೊಡತಿ ಹಿಡಿದು ಅದರ ಹೊರಬಳೆಯ ಮೇಲೆ ಬಡಿಯತೊಡಗಿದ. ಎರಡು ಪೆಟ್ಟು ಬಿದ್ದಿರಬೇಕು. ಹಿಂದಿನಿಂದ ಧ್ವನಿ ಬಂತು:

"ತಮಾ, ಒಳಬಳೆಗೆ ಹೊಡಿ. ಹೊರಬಳೆಗೆ ಹೊಡೆದರೆ ಪೆಟ್ಟು ಗುಂಡುಗಳ ಮೇಲೆ ಬೀಳುತ್ತದೆ. ಕಿವಿಗೆ ಗೊತ್ತಾಗುವುದಿಲ್ಲವೇನು?"

ತಂದೆಯವರು ಮಾಡಿನ ಬಾಗಿಲಲ್ಲಿ ನಿಂತಿದ್ದರು. ಒಳಬಳೆಗೆ ಸರಿಹೊಂದುವ ಕೊಳವೆಯ ತುಂಡೊಂದನ್ನು ಅವರೇ ಹುಡುಕಿ ಕೊಟ್ಟರು. ಹೊರಟು ಹೋಗುವರೆಂದು ಕಾದೆವು. ಹೋಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕುಳಿತರು. ಅಂದಿನಿಂದ ಪ್ರತಿ ಭಾನುವಾರ ಅದು ಅವರ ಜಾಗವಾಯಿತು.

ಆಮೇಲೆ ಕೆಲಸ ನಿಧಾನವಾಯಿತು, ಆದರೆ ಸರಿಯಾಯಿತು. ಯಂತ್ರವನ್ನು 'ಸುಧಾರಿಸುವುದು' ಎಂದರೆ ವೇಗ ಹೆಚ್ಚಿಸುವುದೆಂದು ಕಿರಿಯವನ ಎಣಿಕೆ. ೨,೮೮೦ ಸುತ್ತಿನ ಮೋಟಾರು ಹಾಕಿ ಇದ್ದ ಪುಲ್ಲಿಗಳನ್ನೇ ಬಿಟ್ಟರೆ ಅಲಗು ೫,೭೬೦ ಸುತ್ತು ತಿರುಗುತ್ತದೆ ಎಂದು ಕಾಗದದಲ್ಲಿ ಬರೆದು ತಂದ. ತಂದೆಯವರು ಕಾಗದವನ್ನು ಮಡಿಸಿ ಅವನ ಕಿಸೆಗೇ ಹಾಕಿದರು. "ಈ ದಂಡ, ಈ ಚೌಕಟ್ಟು ಆ ವೇಗಕ್ಕೆ ಹುಟ್ಟಿದ್ದಲ್ಲ. ಮೊದಲು ಅಲಗು ನೆಟ್ಟಗೆ ನಿಂತಿದೆಯೋ ನೋಡು."

ನೋಡಿದೆವು. ಅಲಗಿನ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ, ಮೇಜಿನ ಮೇಲಿನ ಉದ್ದ ಕಾಲುವೆಯಿಂದ ಆ ಹಲ್ಲಿಗೆ ಮುಂದುಗಡೆ ಎಷ್ಟು ಅಂತರವೆಂದು ಅಳೆದು, ಅಲಗನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದುಗಡೆಗೆ ತಂದು ಮತ್ತೆ ಅಳೆಯಬೇಕು. ಎರಡೂ ಒಂದೇ ಆಗಿದ್ದರೆ ಅಲಗು ಕಾಲುವೆಗೆ ಸಮಾಂತರ. ನಮ್ಮದರಲ್ಲಿ ಒಂದೂವರೆ ಮಿಲಿಮೀಟರು ವ್ಯತ್ಯಾಸ. ಮೇಜಿನ ಕೆಳಗಿನ ಬೋಲ್ಟುಗಳನ್ನು ಸಡಿಲಿಸಿ, ಮರದ ತುಂಡಿನಿಂದ ಸ್ವಲ್ಪ ಸ್ವಲ್ಪವೇ ತಟ್ಟಿ, ಬಿಗಿದು, ಮತ್ತೆ ಅಳೆದು, ಮೂರು ಭಾನುವಾರಗಳಲ್ಲಿ ಅದನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೆ ಇಳಿಸಿದೆವು. ರೋಕಡದ ಪುಸ್ತಕ ಸಂಜೆ ತಾಳೆಯಾಗದಿದ್ದರೆ ಎಷ್ಟು ಸಣ್ಣ ಮೊತ್ತವಾದರೂ ಹುಡುಕಲೇಬೇಕಷ್ಟೆ, ಇದೂ ಹಾಗೆಯೇ. ಮರ ಒರಗಿ ಸಾಗುವ ಪಕ್ಕದ ಪಟ್ಟಿ, ಕಾರ್ಖಾನೆಯವರು ಫೆನ್ಸು ಎನ್ನುವುದು, ಹಳೆಯದು ಬಾಗಿತ್ತು. ಹೊಸ ಅಲ್ಯೂಮಿನಿಯಂ ಪಟ್ಟಿ ತಂದೆವು. ಅದು ಅಲಗಿಗೆ ಸಮಾಂತರವಾಗಿರಬೇಕು. ಹಿಂದುಗಡೆ ಕೂದಲೆಳೆಯಷ್ಟು ಅಗಲವಾದರೂ ಚಿಂತೆಯಿಲ್ಲ, ಕಿರಿದಾಗಲು ಮಾತ್ರ ಎಂದಿಗೂ ಬಿಡಬಾರದು.

ಯಾಕೆ ಬಿಡಬಾರದು? ಈ ಯಂತ್ರದ ದೊಡ್ಡ ಅಪಾಯ ಅಲ್ಲಿದೆ. ಅಲಗಿನ ಮುಂಭಾಗದ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಸೀಳಿದ ಮರ ಮುಚ್ಚಿಕೊಂಡು ಅಲಗನ್ನು ಹಿಸುಕಿದರೆ, ಅಥವಾ ಪಟ್ಟಿ ಅದನ್ನು ಅಲಗಿನತ್ತ ತಳ್ಳಿದರೆ, ಆ ಹಿಂದಿನ ಹಲ್ಲುಗಳು ಮರವನ್ನು ಕಚ್ಚಿ ಎತ್ತಿ, ನಿಂತವನ ಹೊಟ್ಟೆಯ ಕಡೆಗೆ ಅಲಗಿನ ವೇಗದಲ್ಲಿಯೇ ಎಸೆಯುತ್ತವೆ. ಮರವನ್ನು ಒತ್ತಿಕೊಂಡಿದ್ದ ಕೈ ಅಲಗಿನ ಮೇಲೆ ಜಾರುತ್ತದೆ. ಇದನ್ನು ತಡೆಯಲು ಹೊಸ ಯಂತ್ರಗಳಲ್ಲಿ ಅಲಗಿನ ಹಿಂದೆ ಅದರ ಬಾಗಿಗೆ ಹೊಂದುವ ಒಂದು ಉಕ್ಕಿನ ತಗಡನ್ನು ನಿಲ್ಲಿಸುತ್ತಾರೆ. ನಮ್ಮದರಲ್ಲಿ ಅದು ಇರಲೇ ಇಲ್ಲ. ಹೊಸದೊಂದನ್ನು ಕತ್ತರಿಸಿಕೊಂಡು ಬರಲು ಚಿತ್ರ ಬರೆದು ತಂದೆಯವರಿಗೆ ತೋರಿಸಿದೆವು. ಅವರು ನೋಡಿದವರೇ ನಕ್ಕುಬಿಟ್ಟರು.

"ಇದು ಬೆಣೆ ಅಲ್ಲವೇ!"

ಅವರ ಬಾಲ್ಯದಲ್ಲಿ ಊರಿನಲ್ಲಿ ದಿಮ್ಮಿಗಳನ್ನು ಕೈಗರಗಸದಿಂದ ಕೊಯ್ಯುತ್ತಿದ್ದರಂತೆ. ಮೇಲೊಬ್ಬ, ಕೆಳಗೊಬ್ಬ. ಕೊಯ್ದ ಸೀಳು ಮುಚ್ಚಿಕೊಂಡು ಗರಗಸ ಸಿಕ್ಕಿಬೀಳದಂತೆ ಹಿಂದಿನಿಂದ ಒಂದು ಮರದ ಬೆಣೆ ಹೊಡೆಯುತ್ತಿದ್ದರು. ಸೀಳು ಮುಂದುವರಿದಂತೆ ಬೆಣೆಯೂ ಮುಂದುವರಿಯುತ್ತಿತ್ತು. "ಅಜ್ಜನಿಗೆ ಗೊತ್ತಿತ್ತು. ಮುಂಬಯಿಗೆ ಬಂದು ನಾವು ಮರೆತೆವು" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಳತೆ ಹೀಗೆ: ಅಲಗಿನ ಒಡಲ ದಪ್ಪ ೨ ಮಿಲಿಮೀಟರು, ಹಲ್ಲು ಕೊಯ್ಯುವ ಸೀಳು ೩, ಬೆಣೆ ಇವೆರಡರ ನಡುವೆ, ಎರಡೂವರೆ. ಹಲ್ಲಿನಿಂದ ಅದರ ಅಂತರ ಸುಮಾರು ೫ ಮಿಲಿಮೀಟರು. ಅಲಗಿನ ನೆತ್ತಿಗಿಂತ ತುಸುವೇ ತಗ್ಗು. ಅಲಗನ್ನು ಏರಿಳಿಸುವ ತೊಟ್ಟಿಲಿಗೇ ಅದನ್ನು ಬಿಗಿದದ್ದರಿಂದ ಅಲಗು ಏರಿದರೆ ಬೆಣೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದರ ಮೇಲೆ ಅಲಗನ್ನು ಮುಚ್ಚುವ ಪಾರದರ್ಶಕ ಮುಸುಕು ಕೂರಿಸಿದೆವು. ಹಳೆಯ ಉಕ್ಕಿನ ಅಲಗಿನ ಬದಲಿಗೆ ಗಟ್ಟಿಲೋಹದ ತುದಿ ಬೆಸೆದ ೪೦ ಹಲ್ಲಿನ ಅಲಗು ಬಂತು. ಮೊಂಡು ಅಲಗಿಗೆ ಮರವನ್ನು ಬಲವಾಗಿ ತಳ್ಳಬೇಕು. ಬಲವಾಗಿ ತಳ್ಳುವ ಕೈಯೇ ಜಾರುವ ಕೈ.

ಇನ್ನು ಆಯಿಯ ಷರತ್ತು. ಗೋಡೆಯ ಸಾಮಾನ್ಯ ಗುಂಡಿಗೆ ನೆನಪು ಜಾಸ್ತಿ: ವಿದ್ಯುತ್ತು ಹೋಗಿ ಬಂದರೂ 'ನಡೆ' ಎಂದದ್ದನ್ನು ಅದು ಮರೆಯುವುದಿಲ್ಲ. ನಮಗೆ ಬೇಕಾದದ್ದು ಮರೆಯುವ ಗುಂಡಿ. ಲೋಹಾರ್ ಚಾಳಿನಲ್ಲಿ ಅಂಥದು ಸಿಗುತ್ತದೆ, ಸ್ಟಾರ್ಟರು ಎನ್ನುತ್ತಾರೆ. ಹಸಿರು ಗುಂಡಿ ಒತ್ತಿದರೆ ಒಳಗಿನ ತಂತಿಸುರುಳಿ ಅಯಸ್ಕಾಂತವಾಗಿ ಸಂಪರ್ಕವನ್ನು ಹಿಡಿದುಕೊಳ್ಳುತ್ತದೆ. ವಿದ್ಯುತ್ತು ಹೋದೊಡನೆ ಅಯಸ್ಕಾಂತ ಸತ್ತು ಸಂಪರ್ಕ ಬಿಟ್ಟುಹೋಗುತ್ತದೆ. ಮತ್ತೆ ವಿದ್ಯುತ್ತು ಬಂದರೂ, ಮನುಷ್ಯನೊಬ್ಬ ಬಂದು ಹಸಿರನ್ನು ಒತ್ತುವವರೆಗೆ ಯಂತ್ರ ಅಲುಗಾಡದು. ಜೊತೆಗೆ ಮೊಣಕಾಲಿನಿಂದಲೂ ತಳ್ಳಬಹುದಾದ ದೊಡ್ಡ ಕೆಂಪು ಗುಂಡಿ, ಹೊಸ ತಂತಿ, ಯಂತ್ರದ ಮೈಗೆ ಅರ್ಥಿಂಗು. ಇದನ್ನೆಲ್ಲ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಿದೆವು. ಇಲ್ಲಿ ನಮ್ಮ ಉತ್ಸಾಹಕ್ಕೆ ಅವಕಾಶ ಕೊಡಲಿಲ್ಲ.

ಸ್ಟಾರ್ಟರಿನ ಬೆಲೆ ಎರಡು ಸಾವಿರದ ಒಂದು ನೂರ ಐವತ್ತು ರೂಪಾಯಿ. ಆ ರಸೀದಿಯನ್ನು ಲೆಕ್ಕದ ಪುಸ್ತಕಕ್ಕೆ ಅಂಟಿಸುವಾಗ ಕೈ ತಡೆಯಿತು. ೨೦೦೭ರಲ್ಲಿಯೂ ಅದು ಅಂಗಡಿಯಲ್ಲಿ ಸಿಗುತ್ತಿದ್ದ ವಸ್ತುವೇ. ಅಂದು ನಮ್ಮ ಮನೆಯಲ್ಲಿ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ; ಎರಡು ಬೇರೆ ಬೇರೆ ಜನರ ಹತ್ತಿರ. ಒಬ್ಬರನ್ನು ನಂಬುವುದಿಲ್ಲವೆಂದಲ್ಲ, ಒಬ್ಬರು ಮರೆಯಬಹುದೆಂದು. ನಮ್ಮ ಗರಗಸಕ್ಕೂ ಆ ನಿಯಮ ತಂದೆವು. ಮುಖ್ಯ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ. ಅದರ ಕೈ ಆಯಿಯ ಸೊಂಟದಲ್ಲಿ. ಮಾಡಿನಲ್ಲಿ ಇಬ್ಬರಿಲ್ಲದೆ ಅವಳು ಕೀಲಿ ಕೊಡುವುದಿಲ್ಲ. ಅಲಗಿನ ಹತ್ತಿರ ಕೈ ಹೋಗಬೇಕಾದರೆ ಮೊದಲು ಬೀಗ, ಆಮೇಲೆ ಕೈ.

ಹೊಟ್ಟಿನ ಮಾತೂ ಒಂದಿದೆ. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೫ರಲ್ಲಿಯೇ ಪ್ರಕಟಿಸಿದೆ. ಅದಕ್ಕೆ ಅಲಗಿನ ಕೆಳಗೆ ಪೆಟ್ಟಿಗೆ ಕಟ್ಟಿ ಧೂಳು ಹೀರುವ ಯಂತ್ರದ ಕೊಳವೆ ಜೋಡಿಸಿದೆವು. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಕೈಗೆ ಮಾತ್ರ ಗವಸು ಹಾಕುವುದಿಲ್ಲ. ತಿರುಗುವ ಅಲಗು ಅದನ್ನು ಹಿಡಿದು ಕೈಯನ್ನೇ ಎಳೆದುಕೊಳ್ಳುತ್ತದೆ.

ಸಭಿಕರಲ್ಲಿ ಲೆಕ್ಕ ಕೇಳುವವರಿದ್ದಾರೆಂದು ಬಲ್ಲೆವು. ಬೇರಿಂಗು ೫೬೦, ಬೆಲ್ಟು ೨೪೦, ಅಲಗು ೧,೯೦೦, ಸ್ಟಾರ್ಟರು ೨,೧೫೦, ಬೆಣೆ ಮತ್ತು ಮುಸುಕು ೧,೮೦೦, ಮೋಟಾರಿನ ದುರಸ್ತಿ ೧,೩೫೦, ಪಕ್ಕದ ಪಟ್ಟಿ ೨,೬೦೦, ತಂತಿ ಮತ್ತು ಕೂಲಿ ೧,೨೫೦, ಸೋಡ ಬಣ್ಣ ಮೇಣ ೮೫೦. ಒಟ್ಟು ೧೨,೭೦೦ ರೂಪಾಯಿ. ಧೂಳು ಹೀರುವ ಯಂತ್ರ ಮನೆಯದೇ. ಗುಜರಿಯ ೩,೭೭೬ ಬಾರದೆ ಹೋದದ್ದನ್ನೂ ಸೇರಿಸಿದರೆ ೧೬,೪೭೬. ಇದಕ್ಕೆ ಪ್ರತಿಯಾಗಿ ಏನು ಬಂತೆಂದು ಮುಂದೆ ಹೇಳುತ್ತೇವೆ.

ಒಂದನ್ನು ಮುಚ್ಚಿಡಬಾರದು. ಅಮೆರಿಕದ ಸ್ಟೀವ್ ಗ್ಯಾಸ್ ಎಂಬಾತ ೧೯೯೯ರಲ್ಲಿ, ಬೆರಳು ಸೋಕಿದೊಡನೆ ಅಲಗನ್ನೇ ಕೆಲವೇ ಸಹಸ್ರಾಂಶ ಸೆಕೆಂಡಿನಲ್ಲಿ ನಿಲ್ಲಿಸುವ ಉಪಾಯ ಕಂಡುಹಿಡಿದ. ಅದು ಹೊಸದಾಗಿ ಕಟ್ಟಿದ ಯಂತ್ರಗಳಲ್ಲಿ ಮಾತ್ರ ಸಾಧ್ಯ. ನಮ್ಮ ಮುದುಕನಿಗೆ ಜೋಡಿಸಲು ಬಾರದು. ನಮ್ಮ ಗರಗಸ ಇಂದಿಗೂ ಬೆರಳು ಕತ್ತರಿಸಬಲ್ಲದು. ಅದನ್ನು ಮರೆಯದಿರುವುದೇ ಅದರ ಕೊನೆಯ ಭಾಗ.

೨೦೨೫ರ ಮಾರ್ಚಿಯಲ್ಲಿ, ಯುಗಾದಿಗೆ ಇನ್ನೂ ಒಂದು ವಾರವಿರುವಾಗ, ಆಯಿ ಪರೀಕ್ಷೆಗೆ ಬಂದಳು. ಅಲಗು ತೆಗೆದಿಟ್ಟು ಬರಿಯ ದಂಡವನ್ನೇ ಓಡಿಸಿದೆವು. ಆಯಿ ಮುಖ್ಯ ಸ್ವಿಚ್ಚನ್ನು ಕೆಳಗಿಳಿಸಿದಳು. ಯಂತ್ರ ನಿಂತಿತು. ಒಂದು ನಿಮಿಷ ಬಿಟ್ಟು ಮೇಲಕ್ಕೆತ್ತಿದಳು. ಮಾಡಿನ ದೀಪ ಹತ್ತಿತು, ಯಂತ್ರ ಸುಮ್ಮನಿತ್ತು. ಆಯಿಗೆ ಸಮಾಧಾನವಾಗಲಿಲ್ಲ. ಮತ್ತೆ ಮಾಡಿದಳು. ಮತ್ತೆ. ಏಳು ಸಲ ಮಾಡಿದಳೆಂದು ಎಣಿಸಿದೆವು. ಏಳನೆಯ ಸಲ ದೀಪ ಹತ್ತಿದಾಗ ಅವಳು ಯಂತ್ರವನ್ನು ನೋಡುತ್ತಿರಲಿಲ್ಲ, ತಂದೆಯವರ ಕೈಯನ್ನು ನೋಡುತ್ತಿದ್ದಳು. "ಆಯಿತು" ಎಂದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಗೆಮನೆಗೆ ಹೋದಳು.

ನಾವು ಒಂದು ಯೋಜನೆ ಹಾಕಿದ್ದೆವು. ಅಂದು ಅರ್ಧ ಸೀಳಿ ಬಿಟ್ಟ ಸಾಗುವಾನಿ ಹಲಗೆ ತಾಡಪಾಲಿನ ಕೆಳಗೇ ಇತ್ತು. ಅದನ್ನು ಒರೆಸಿ ತಂದೆಯವರ ಮುಂದಿಟ್ಟು, ಇದನ್ನು ನೀವೇ ಪೂರ್ತಿ ಮಾಡಬೇಕು ಎಂದೆವು. ಅವರು ಹಲಗೆಯನ್ನು ಕಣ್ಣಿನ ಮಟ್ಟಕ್ಕೆತ್ತಿ ಉದ್ದಕ್ಕೆ ನೋಡಿದರು.

"ಹದಿನೇಳು ವರ್ಷದಲ್ಲಿ ತಿರುಚಿಕೊಂಡಿದೆ. ತಿರುಚಿದ ಹಲಗೆಯನ್ನು ಗರಗಸಕ್ಕೆ ಕೊಡಬಾರದು. ಮೇಜಿನ ಮೇಲೆ ಅಲುಗಾಡಿ ಅಲಗನ್ನು ಹಿಸುಕುತ್ತದೆ" ಎಂದು ಪಕ್ಕಕ್ಕಿಟ್ಟರು. ಹಳೆಯ ಮಂಚದ ಪಟ್ಟಿಯೊಂದನ್ನು ಎತ್ತಿಕೊಂಡು, ಅದರ ಮೇಲೆಲ್ಲ ಅಯಸ್ಕಾಂತ ಆಡಿಸಿ ಮುರಿದ ಮೊಳೆಯಿದೆಯೋ ಎಂದು ನೋಡಿ, ಪಟ್ಟಿಗೆ ಒರಗಿಸಿ, ಅಲಗಿನ ನೇರಕ್ಕೆ ನಿಲ್ಲದೆ ತುಸು ಎಡಕ್ಕೆ ಸರಿದು ನಿಂತು, "ಒತ್ತು" ಎಂದರು. ಹಿರಿಯವ ಹಸಿರು ಗುಂಡಿ ಒತ್ತಿದ. ಮರ ಬೆಣೆಯ ಎರಡೂ ಬದಿಗೆ ಸೀಳಿಕೊಂಡು ಸಾಗಿತು. ಮೂರು ಬೆರಳಿನ ಎಡಗೈ ಎಲ್ಲಿರಬೇಕೋ ಅಲ್ಲಿಯೇ ಇತ್ತು.

ಅದರಿಂದ ಆಯಿಗೆ ಒಂದು ಮಣೆಯಾಯಿತು. ಆಮೇಲೆ ನಮ್ಮ ಸಂಘದ ಪುಸ್ತಕದ ಕಪಾಟಿಗೆ ಎರಡು ಹಲಗೆ. ತಿರುಚಿದ ಆ ಸಾಗುವಾನಿಯನ್ನು ತಂದೆಯವರು ಕೈಗರಗಸದಿಂದ ತುಂಡು ಮಾಡಿ, ಮರವನ್ನು ಅಲಗಿನತ್ತ ನೂಕಲು ನಾಲ್ಕು ತಳ್ಳುಕೋಲು ಮಾಡಿಕೊಟ್ಟರು. ಈಗ ಕೊನೆಯ ಒಂದು ಗೇಣನ್ನು ಯಾರೂ ಬೆರಳಿಂದ ತಳ್ಳುವುದಿಲ್ಲ.

ಇನ್ನೊಂದು ಲಾಭವೂ ಆಯಿತು. ತಂದೆಯವರು ಕಾರ್ಖಾನೆಯಲ್ಲಿ ಹಿಂದಿ ಮರಾಠಿಗಳಲ್ಲಿ ದುಡಿದವರು. ಉಪಕರಣಗಳ ಹೆಸರು ನಮ್ಮ ಕಿವಿಗೆ ಬಿದ್ದದ್ದೆಲ್ಲ ಆ ಭಾಷೆಗಳಲ್ಲಿಯೇ. ಮನೆಯಲ್ಲಿ ಕನ್ನಡವಿತ್ತು, ಊಟ ಉಪಚಾರಕ್ಕೆ. ಈ ಆರು ತಿಂಗಳು ಸ್ಟೂಲಿನ ಮೇಲಿನಿಂದ ಕೀಸುಳಿ, ಬೈರಿಗೆ, ಅರ, ಬಾಚಿ, ಕೊಡತಿ, ಮೂಲೆಮಟ್ಟ, ರಸಮಟ್ಟ ಎಂಬ ಮಾತುಗಳು ಒಂದೊಂದಾಗಿ ಇಳಿದು ಬಂದವು. ಅವರಿಗೇ ಮರೆತಿದ್ದವು; ವಸ್ತು ಕೈಗೆ ಬಂದಾಗ ಹೆಸರು ಬಾಯಿಗೆ ಬಂತು. ಹಿರಿಯವನ ಏಳು ವರ್ಷದ ಮಗಳು ಶಾಲೆಯಲ್ಲಿ ಮರಾಠಿ ಇಂಗ್ಲಿಷು ಕಲಿಯುವವಳು. 'ಬೆಣೆ' ಎಂಬ ಶಬ್ದವನ್ನು ಅಜ್ಜನಿಂದ ಕಲಿತು ಬಾಗಿಲ ಸಂದಿಗೆಲ್ಲ ಇಟ್ಟು ಬರುತ್ತಿದ್ದಾಳೆ. ೧೬,೪೭೬ಕ್ಕೆ ಪ್ರತಿಯಾಗಿ ಜಮೆಯ ಕಡೆಗೆ ಇದನ್ನೆಲ್ಲ ಬರೆದಿದ್ದೇವೆ. ಪುಸ್ತಕ ತಾಳೆಯಾಗಿದೆ.

ಕೊನೆಯದಾಗಿ ಒಂದು ಬಿನ್ನಹ. ನಮ್ಮ ಜನರಲ್ಲಿ ಹಿಟ್ಟಿನ ಗಿರಣಿ, ಒರಳು ಯಂತ್ರ, ಗರಗಸ ಇಟ್ಟುಕೊಂಡು ಬದುಕುವ ಮನೆಗಳು ಈ ನಗರದಲ್ಲಿ ಅನೇಕವಿವೆ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಯಂತ್ರದ ಹತ್ತಿರ ಯಾರನ್ನೂ ನಿಲ್ಲಿಸದೆ, ಅದು ಓಡುವಾಗ ಮುಖ್ಯ ಸ್ವಿಚ್ಚನ್ನು ಇಳಿಸಿ, ಮತ್ತೆ ಏರಿಸಿ ನೋಡಿ. ಅದು ತಾನಾಗಿ ತಿರುಗಿತೆಂದರೆ ನಾಳೆಯೇ ಲೋಹಾರ್ ಚಾಳಿಗೆ ಹೋಗಿ ಬನ್ನಿ. ದಾರಿ ಗೊತ್ತಿಲ್ಲದವರು ನಮ್ಮನ್ನು ಕರೆಯಿರಿ. ಭಾನುವಾರ ಹನ್ನೆರಡರ ಮೇಲೆ ನಾವಿಬ್ಬರೂ ಬಿಡುವಾಗಿರುತ್ತೇವೆ. ಅದಕ್ಕೆ ಮು���ಚೆ ಮಾಡಿನಲ್ಲಿರುತ್ತೇವೆ.